ಬ್ರೈನರ್ಡನ ದಿನಚರಿ: ಸಚ್ಚರಿತ್ರವಾಚನವೂ ಕ್ರೈಸ್ತಶ್ರದ್ಧೆಯೂ

ಮಹಾಪುರುಷರ ಚರಿತೆಗಳನ್ನು ಓದುವುದರಿಂದ ಮನಸ್ಸಿಗೆ ಸಂಸ್ಕಾರವುಂಟಾಗುವುದೆಂಬುದು ಎಲ್ಲ ದೇಶಗಳ ವಿದ್ವಾಂಸರೂ ಒಪ್ಪಿದ ಮಾತು. ಶ್ರೇಷ್ಠನು ಆಚರಿಸಿದುದನ್ನೇ ಇತರ ಜನರು ಅನುಸರಿಸುವರೆಂಬ ಗೀತೆಯ ಉಪದೇಶವು ನಮ್ಮ ವಾಚಕರಿಗೆ ಪರಿಚಿತವಾದುದೇ. ಹೀಗೆ ಚರಿತ್ರವಾಚನವನ್ನು ಮತಾಚರಣೆಯ ಒಂದು ಅಂಗವಾಗಿಯೇ ಪ್ರಾಚೀನಕಾಲದಿಂದ ಉಳಿಸಿಕೊಂಡು ಬಂದ ಸಮಾಜಗಳಲ್ಲಿ ಕ್ರೈಸ್ತ ಸಮಾಜವೂ ಒಂದು. ಅಲ್ಲಿ ಒಬ್ಬನ ಚರಿತೆಯು ಮತ್ತೊಬ್ಬನ ಶ್ರದ್ಧೆಯನ್ನು ಯಾವ ರೀತಿಯಿಂದ ದೃಢಪಡಿಸಿತು, ಚರಿತೆಯಲ್ಲಿರುವ ಯಾವ ಗುಣವು ಆ ಬಲವನ್ನು ಕೊಟ್ಟಿತು ಎಂಬುದನ್ನು ಒಂದು ಗ್ರಂಥದ ಇತಿಹಾಸದ ಮೂಲಕ ವಿಚಾರಮಾಡುವುದು ಈ ಲೇಖನದ ಉದ್ದೇಶವು.

ಈ ಪದ್ಧತಿಯ ಮೂಲವು ಬಹು ಹಿಂದಿನದು. ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿ ಸ್ಮಿರ್ನಾ ನಗರದ ಸಭಾಧ್ಯಕ್ಷನಾದ ವೃದ್ಧ ಪಾಲಿಕಾರ್ಪನು ತನ್ನ ಮತವನ್ನು ಬಿಡಲೊಪ್ಪದೆ ಕೊಲ್ಲಲ್ಪಟ್ಟನು. ಆ ಊರಿನ ಕ್ರೈಸ್ತರು ಅವನ ಅಂತ್ಯದ ವೃತ್ತಾಂತವನ್ನು ಪತ್ರರೂಪವಾಗಿ ಬರೆದು ಫಿಲೊಮೇಲಿಯಂ ಎಂಬ ಊರಿನ ಸಭೆಗೆ ಕಳುಹಿಸಿದರು. ಅವನು ಮಡಿದ ದಿನವನ್ನು ಪ್ರತಿವರ್ಷವೂ ನೆನೆಯಬೇಕೆಂದೂ, ಆ ಸ್ಮರಣೆಯು ಮುಂದೆ ಅಂತಹ ಪರೀಕ್ಷೆಯನ್ನು ಎದುರಿಸಬೇಕಾದವರಿಗೆ ಸಿದ್ಧತೆಯಾಗಬೇಕೆಂದೂ ಆ ಪತ್ರದ ಅಭಿಪ್ರಾಯವು. ೩೯೭ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಪರಿಷತ್ತು, ದೇವಾಲಯಗಳಲ್ಲಿ ಶಾಸ್ತ್ರಗ್ರಂಥಗಳ ಹೊರತು ಬೇರೇನನ್ನೂ ಶಾಸ್ತ್ರವೆಂದು ಓದಕೂಡದೆಂದು ವಿಧಿಸಿದರೂ, ರಕ್ತಸಾಕ್ಷಿಗಳ ವಾರ್ಷಿಕ ದಿನಗಳಲ್ಲಿ ಅವರವರ ವೃತ್ತಾಂತವನ್ನು ಓದಲು ಅವಕಾಶವನ್ನು ಕೊಟ್ಟಿತು.

ಅಲೆಕ್ಸಾಂಡ್ರಿಯದ ಅಥನೇಸಿಯಸನು, ಐಗುಪ್ತದ ಮರುಭೂಮಿಯಲ್ಲಿ ತಪಸ್ಸು ಮಾಡಿ ೩೫೬ರಲ್ಲಿ ಮೃತನಾದ ಆಂಟನಿಯ ಚರಿತೆಯನ್ನು ಬರೆದನು. ಟ್ರಿಯರ್ ನಗರದಲ್ಲಿ ಇಬ್ಬರು ರಾಜಾಧಿಕಾರಿಗಳು ಆ ಪುಸ್ತಕವನ್ನು ಆಕಸ್ಮಿಕವಾಗಿ ಕಂಡು, ಓದಿ, ಅಧಿಕಾರವನ್ನು ತ್ಯಜಿಸಿದರು. ಈ ಸಂಗತಿಯನ್ನು ೩೮೬ರಲ್ಲಿ ಮಿಲಾನಿನಲ್ಲಿ ಒಬ್ಬ ಪರಿಚಿತನು ಅಗಸ್ಟಿನನಿಗೆ ಹೇಳಿದನು. ಅನೇಕ ವರ್ಷಗಳಿಂದ ಡೋಲಾಯಮಾನವಾಗಿದ್ದ ಅಗಸ್ಟಿನನ ಮನಸ್ಸು ಅಂದೇ ನಿರ್ಧಾರಕ್ಕೆ ಬಂದಿತು. ೧೫೨೧ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲಿಗೆ ಗುಂಡಿನ ಪೆಟ್ಟು ತಿಂದು ಮಲಗಿದ್ದ ಇಗ್ನೇಷಿಯಸ್ ಲೊಯೋಲನು ಕಾಲಹರಣಕ್ಕಾಗಿ ವೀರರ ಕಥೆಗಳನ್ನು ಕೇಳಿದನು. ಮನೆಯಲ್ಲಿ ಅವು ಇರಲಿಲ್ಲ. ಇದ್ದುದು ಕ್ರಿಸ್ತಚರಿತೆ ಮತ್ತು ಸಂತರ ಚರಿತೆಗಳು ಮಾತ್ರ. ಅವುಗಳನ್ನು ಓದಿದ ಸೈನಿಕನು ಮುಂದೆ ಜೆಸ್ವಿತ್ ಸಂಘದ ಸ್ಥಾಪಕನಾದನು.

ಹೀಗಿರಲು ಚರಿತೆಗಳಿಂದ ಶ್ರದ್ಧೆಯು ಹುಟ್ಟುವುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಹುಟ್ಟಿದ ಶ್ರದ್ಧೆಯು ನಿಲ್ಲುವುದು ಹೇಗೆ? ಚರಿತೆಯು ಅನುಕರಣಕ್ಕೆ ಮಾದರಿಯನ್ನು ಕೊಡುತ್ತದೆಂಬುದು ಸಾಮಾನ್ಯವಾದ ಉತ್ತರ. ಈ ಉತ್ತರದಲ್ಲಿ ಒಂದು ತೊಡಕಿದೆ. ಮಾದರಿಯು ಉನ್ನತವಾದಷ್ಟೂ ಓದುವವನು ತನ್ನನ್ನು ಅಲ್ಪನೆಂದು ಎಣಿಸಿ ಕುಗ್ಗುವನು. ಬೆಟ್ಟದ ಶಿಖರವನ್ನು ತೋರಿಸಿದ ಮಾತ್ರಕ್ಕೆ ಕುಂಟನಿಗೆ ಕಾಲು ಬರುವುದಿಲ್ಲ. ಈ ತೊಡಕನ್ನು ಬಿಡಿಸಲು ಡೇವಿಡ್ ಬ್ರೈನರ್ಡ್ ಎಂಬ ತರುಣನ ಚರಿತೆಯೂ, ಅದನ್ನು ಓದಿದವರ ಚರಿತೆಯೂ ನಮಗೆ ಸಹಾಯಕವಾಗಿರುವುವು.

ಬ್ರೈನರ್ಡನು ೧೭೧೮ರಲ್ಲಿ ಉತ್ತರ ಅಮೆರಿಕದ ಕನೆಕ್ಟಿಕಟ್ ಸೀಮೆಯ ಹ್ಯಾಡಮ್ ಎಂಬಲ್ಲಿ ಜನಿಸಿದನು. ಹದಿನಾಲ್ಕು ವರ್ಷ ತುಂಬುವುದರೊಳಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡನು. ೧೭೩೯ರಲ್ಲಿ ಯೇಲ್ ವಿದ್ಯಾಶಾಲೆಯನ್ನು ಸೇರಿದನು. ಉಪಾಧ್ಯಾಯರೊಬ್ಬರನ್ನು ಕುರಿತು, ಕುರ್ಚಿಗಿರುವಷ್ಟು ದೈವಕೃಪೆಯೂ ಅವರಿಗಿಲ್ಲವೆಂದು ಗೆಳೆಯರೊಡನೆ ಆಡಿದ ಮಾತು ಹೊರಬಿದ್ದು, ೧೭೪೨ರಲ್ಲಿ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ಅನಂತರ ಅವನು ತಪ್ಪನ್ನೊಪ್ಪಿ ಕ್ಷಮೆ ಬೇಡಿದರೂ ಪದವಿಯು ದೊರೆಯಲಿಲ್ಲ. ಪದವಿಯಿಲ್ಲದವನಿಗೆ ಆ ಸೀಮೆಯಲ್ಲಿ ಸಭಾಪಾಲಕನ ಉದ್ಯೋಗವು ಸುಲಭವಾಗಿ ಸಿಕ್ಕುವಂತಿರಲಿಲ್ಲ. ಸ್ಕಾಟ್ಲೆಂಡಿನ ಒಂದು ಧರ್ಮಪ್ರಚಾರಕ ಸಂಘವು ಅವನನ್ನು ಅಮೆರಿಕದ ಮೂಲನಿವಾಸಿಗಳ ನಡುವೆ ಉಪದೇಶಕನಾಗಿ ನೇಮಿಸಿತು.

೧೭೪೩ರ ವಸಂತದಲ್ಲಿ ಅವನು ಕೌನೌಮೀಕ್ ಎಂಬ ಅರಣ್ಯಗ್ರಾಮಕ್ಕೆ ಹೋದನು. ಹಲಗೆಗಳ ಮೇಲೆ ಹರಡಿದ ಹುಲ್ಲೇ ಅವನ ಹಾಸಿಗೆಯಾಗಿತ್ತು. ಭಾಷೆಯನ್ನು ಕಲಿಯುವುದಕ್ಕೆ ಇಪ್ಪತ್ತು ಮೈಲಿ ದೂರದ ಸ್ಟಾಕ್‌ಬ್ರಿಜ್ಜಿಗೆ ಕುದುರೆಯ ಮೇಲೆ ಹೋಗಿ ಬರಬೇಕಾಗಿತ್ತು. ಆಗಲೇ ಕ್ಷಯರೋಗದ ಚಿಹ್ನೆಗಳು ಅವನ ದೇಹದಲ್ಲಿ ಕಾಣಿಸಿಕೊಂಡಿದ್ದುವು. ೧೭೪೪ರಲ್ಲಿ ಪೆನ್ಸಿಲ್ವೇನಿಯದ ಡೆಲವೇರ್ ನದಿಯ ಸಂಗಮಪ್ರದೇಶಕ್ಕೆ ಹೋದನು. ಅಲ್ಲಿಯೂ ಫಲವು ಕಾಣಲಿಲ್ಲ. ಸಂಘದವರ ಹಣವನ್ನು ತಾನು ವ್ಯರ್ಥವಾಗಿ ತಿನ್ನುತ್ತಿರುವೆನೆಂದೂ, ವರ್ಷಾಂತ್ಯದಲ್ಲಿ ಈ ಕೆಲಸವನ್ನು ಬಿಟ್ಟುಬಿಡುವುದೇ ನ್ಯಾಯವೆಂದೂ ಅವನು ಯೋಚಿಸುತ್ತಿದ್ದನು. ಅಂತಹ ಸಮಯದಲ್ಲಿ, ೧೭೪೫ರ ಬೇಸಗೆಯಲ್ಲಿ, ನ್ಯೂ ಜರ್ಸಿಯ ಕ್ರಾಸ್‌ವೀಕ್ಸಂಗ್ ಎಂಬಲ್ಲಿ ಕೆಲವೇ ಮಂದಿ ಸ್ತ್ರೀಯರೂ ಮಕ್ಕಳೂ ಅವನ ಮಾತನ್ನು ಕೇಳಲು ಸೇರಿದರು. ಒಂದು ವರ್ಷದೊಳಗೆ ಆ ಗುಂಪು ನೂರನ್ನು ಮೀರಿತು. ಆದರೆ ಅವನ ಆಯುಸ್ಸು ಮುಗಿಯುತ್ತ ಬಂದಿತ್ತು. ೧೭೪೭ರ ಅಕ್ಟೋಬರ್ ೯ರಂದು, ಮ್ಯಾಸಚೂಸೆಟ್ಸಿನ ನಾರ್ಥಾಂಪ್ಟನ್ನಿನಲ್ಲಿ, ಪ್ರಸಿದ್ಧ ಧರ್ಮಪಂಡಿತನಾದ ಜೋನಾಥನ್ ಎಡ್ವರ್ಡ್ಸನ ಮನೆಯಲ್ಲಿ ಅವನು ಪ್ರಾಣಬಿಟ್ಟನು. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ರೋಗಶಯ್ಯೆಯಲ್ಲಿ ಅವನ ಶುಶ್ರೂಷೆ ಮಾಡಿದ ಎಡ್ವರ್ಡ್ಸನ ಮಗಳಾದ ಜೆರುಶಳೂ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು.

ಬ್ರೈನರ್ಡನು ದಿನಚರಿಯನ್ನು ಬರೆಯುತ್ತಿದ್ದನು. ಅದು ತನ್ನ ಆತ್ಮಪರೀಕ್ಷೆಗಾಗಿ ಬರೆದದ್ದೇ ಹೊರತು ಲೋಕಕ್ಕಾಗಿ ಅಲ್ಲ. ಮೊದಲಿನ ಎರಡು ಪುಸ್ತಕಗಳನ್ನು ಅವನ ಆಜ್ಞೆಯಂತೆ ನಾಶಮಾಡಿದರು. ಉಳಿದವನ್ನು ಸ್ನೇಹಿತರ ಬಲವಂತದಿಂದ ಎಡ್ವರ್ಡ್ಸನ ಕೈಗೆ ಒಪ್ಪಿಸಿದನು. ಎಡ್ವರ್ಡ್ಸನು ಅವುಗಳಿಂದ ಒಂದು ಚರಿತೆಯನ್ನು ಸಂಪಾದಿಸಿ ೧೭೪೯ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚುಹಾಕಿಸಿದನು. ಪೀಠಿಕೆಯಲ್ಲಿ ಅವನು ಚರಿತ್ರನಾಯಕನ ದೋಷಗಳನ್ನು ಮರೆಮಾಚಲಿಲ್ಲ. ಬ್ರೈನರ್ಡನಿಗೆ ವಿಷಾದಪ್ರಕೃತಿಯಿದ್ದಿತೆಂದೂ, ಶಕ್ತಿಮೀರಿ ದುಡಿದು ದೇಹವನ್ನು ಕೆಡಿಸಿಕೊಂಡನೆಂದೂ ಸ್ಪಷ್ಟವಾಗಿ ಬರೆದು, ಇವು ಅನುಕರಣೀಯವಲ್ಲವೆಂದು ವಾಚಕರನ್ನು ಎಚ್ಚರಿಸಿದನು. ೧೭೬೮ರಲ್ಲಿ ಜಾನ್ ವೆಸ್ಲಿಯು ಇದರ ಸಂಗ್ರಹವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿ, ತನ್ನ ಉಪದೇಶಕರೆಲ್ಲರೂ ಇದನ್ನು ಓದಬೇಕೆಂದು ಹೇಳಿದನು.

ಈ ಪುಸ್ತಕವನ್ನು ಓದಿದವರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಸೀಮೆಯ ಒಬ್ಬ ಚಮ್ಮಾರನೂ ಇದ್ದನು. ವಿಲಿಯಂ ಕೇರಿ ಎಂಬುದು ಅವನ ಹೆಸರು. ದೂರದೇಶಗಳಿಗೆ ಸುವಾರ್ತೆಯನ್ನು ಒಯ್ಯುವುದು ಕ್ರೈಸ್ತರ ಕರ್ತವ್ಯವೆಂದು ಪ್ರತಿಪಾದಿಸಿ ೧೭೯೨ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಬ್ರೈನರ್ಡನ ನಿದರ್ಶನವು ಬಂದಿದೆ. ಮರುವರ್ಷ, ೧೭೯೩ರ ನವೆಂಬರಿನಲ್ಲಿ, ಕೇರಿಯು ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದಿಳಿದನು. ಬಂದೊಡನೆ ಕೈಯಲ್ಲಿದ್ದ ಹಣವು ಕರಗಿತು. ಸುಂದರವನದ ಅಂಚಿನಲ್ಲಿ ಕಾಡು ಕಡಿದು ಬೇಸಾಯಮಾಡಿ ಜೀವಿಸಲು ಯತ್ನಿಸಿದನು. ಹೆಂಡತಿಯಾದ ಡೊರೊತಿಯು ರೋಗಪೀಡಿತೆಯಾಗಿದ್ದಳು. ಆ ದಿನಗಳಲ್ಲಿ, ೧೭೯೪ರ ಏಪ್ರಿಲಿನಲ್ಲಿ, ಅವನು ಬ್ರೈನರ್ಡನ ಚರಿತೆಯನ್ನು ಮತ್ತೆ ತೆರೆದು ಓದಿ ತನ್ನ ದಿನಚರಿಯಲ್ಲಿ ಒಂದು ಟಿಪ್ಪಣಿಯನ್ನು ಬರೆದನು. ಅದರ ಭಾವವಿಷ್ಟು: ತನಗೂ ಬ್ರೈನರ್ಡನಿಗೂ ಎಷ್ಟು ಅಂತರ! ಅವನು ಸದಾ ಸ್ಥಿರನು, ತಾನು ಗಾಳಿಯಂತೆ ಚಂಚಲನು.

ವಾಚಕ ಮಹಾಶಯರು ಈ ಟಿಪ್ಪಣಿಯನ್ನು ಸ್ವಲ್ಪ ಪರ್ಯಾಲೋಚಿಸಬೇಕು. ಕೇರಿಗೆ ಸ್ಥಿರತೆಯ ಮೂರ್ತಿಯಂತೆ ಕಂಡ ಆ ಬ್ರೈನರ್ಡನು ತನ್ನ ವಿಷಯವಾಗಿ ಏನೆಂದು ಬರೆದುಕೊಂಡಿದ್ದನು? ಅವನ ದಿನಚರಿಯಲ್ಲಿ ಪುಟಪುಟಕ್ಕೂ ತೋರುವುದು ತನ್ನ ಚಾಂಚಲ್ಯದ ದೂರೇ ಆಗಿದೆ. ಇಂದು ಹೃದಯವು ಕರಗಿತೆಂದು ಬರೆದವನು ನಾಳೆ ಅದು ಕಲ್ಲಾಯಿತೆಂದು ಬರೆಯುವನು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹಿಗ್ಗಿದವನು ಸಂಜೆಗೆ ತಾನು ಭೂಮಿಗೆ ಭಾರವೆಂದು ಹಲುಬುವನು. ಕೇರಿಯು ಓದಿದುದು ಇದೇ ಪುಟಗಳನ್ನು. ಆದರೂ ಅವನ ಕಣ್ಣಿಗೆ ಬಿದ್ದುದು ಚಾಂಚಲ್ಯವಲ್ಲ, ಸ್ಥೈರ್ಯ. ಇದಕ್ಕೆ ಕಾರಣವೇನು?

ಅನ್ನದ ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೇ ಇಲ್ಲವೇ ಎಂದು ತಿಳಿಯುವುದನ್ನು ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಕರೆಯುವರು. ಈ ನ್ಯಾಯವು ಅನ್ನಕ್ಕೆ ಸಲ್ಲುವುದು, ಮನುಷ್ಯನ ಬಾಳಿಗೆ ಸಲ್ಲದು. ದಿನಚರಿಯನ್ನು ಬರೆಯುವವನ ಕೈಯಲ್ಲಿರುವುದು ಒಂದೇ ಅಗುಳು, ಅಂದರೆ ಅಂದಿನ ದಿನ. ಆ ದಿನವು ಬೇಯದಿದ್ದರೆ ಬಾಳೆಲ್ಲವೂ ಬೇಯಲಿಲ್ಲವೆಂದು ಅವನು ನಿರ್ಣಯಿಸುವನು. ಚರಿತೆಯನ್ನು ಓದುವವನಾದರೋ ಇಡೀ ಪಾತ್ರೆಯನ್ನು ನೋಡುವನು. ಸೋತೆನೆಂದು ಬರೆದ ರಾತ್ರಿಯ ಮರುದಿನವೂ ಆ ರೋಗಿಯು ಕುದುರೆಯನ್ನೇರಿ ಹೊರಟನೆಂಬುದು ಅವನಿಗೆ ಗೊತ್ತು. ಕೆಲಸವನ್ನು ಬಿಡಬೇಕೆಂದು ಯೋಚಿಸಿದ ವರ್ಷವೇ ಕ್ರಾಸ್‌ವೀಕ್ಸಂಗ್ ಬಂದಿತೆಂಬುದೂ ಅವನಿಗೆ ಗೊತ್ತು. ಬೀಳುವುದೂ ಏಳುವುದೂ ಸೇರಿ ಒಂದೇ ದಾರಿಯಾದುದನ್ನು ಕಾಣುವ ಅವಕಾಶವು ನಡೆದವನಿಗೆ ಇರಲಿಲ್ಲ, ಓದಿದವನಿಗೆ ದೊರೆಯಿತು. ಸಚ್ಚರಿತೆಯು ಶ್ರದ್ಧೆಗೆ ಕೊಡುವ ನಿಜವಾದ ಬಲವು ಇದೇ ಎಂದು ನನ್ನ ಅಭಿಪ್ರಾಯ. ಅದು ಅನುಕರಣಕ್ಕೆ ಮಾದರಿಯನ್ನು ಕೊಡುವುದಕ್ಕಿಂತ ಹೆಚ್ಚಾಗಿ, ತನ್ನ ಬಾಳನ್ನು ಅಳೆಯುವ ಅಳತೆಯನ್ನೇ ಬದಲಾಯಿಸುವುದು. ಕ್ರೈಸ್ತನು ನಂಬುವ ದೈವಕೃಪೆಯು ಒಂದೊಂದು ದಿನದಲ್ಲಿ ಕಾಣದೆ ಹೋಗಬಹುದು. ಮತ್ತೊಬ್ಬನ ಬಾಳಿನ ಒಟ್ಟಿನಲ್ಲಿ ಅದನ್ನು ಕಂಡವನು ತನ್ನ ಬಾಳಿನಲ್ಲಿಯೂ ಅದು ನಡೆದಿದೆಯೆಂದು ನಂಬಲು ಧೈರ್ಯ ತಾಳುವನು.

ಕೇರಿಯ ಮುಂದಿನ ಜೀವನವು ಇದನ್ನು ಸಮರ್ಥಿಸುವುದು. ಆ ಟಿಪ್ಪಣಿಯನ್ನು ಬರೆದ ವರ್ಷವೇ ಅವನ ಐದು ವರ್ಷದ ಮಗನಾದ ಪೀಟರನು ಸತ್ತನು. ಡೊರೊತಿಯು ಚಿತ್ತಭ್ರಮೆಗೊಳಗಾಗಿ ೧೮೦೭ರಲ್ಲಿ ಮರಣಹೊಂದುವವರೆಗೂ ಗುಣಹೊಂದಲಿಲ್ಲ. ಅವನು ಈ ದೇಶಕ್ಕೆ ಬಂದ ಏಳು ವರ್ಷಗಳ ಮೇಲೆ, ೧೮೦೦ರ ಡಿಸೆಂಬರಿನಲ್ಲಿ, ಕೃಷ್ಣಪಾಲನೆಂಬ ಮೊದಲ ಬಂಗಾಳಿ ಹಿಂದೂವು ದೀಕ್ಷಾಸ್ನಾನ ಹೊಂದಿದನು. ಆ ಏಳು ವರ್ಷಗಳಲ್ಲಿ ಯಾವ ದಿನವನ್ನು ಹಿಸುಕಿ ನೋಡಿದರೂ ಕೇರಿಗೆ ಬೇಯದ ಅಗುಳೇ ಸಿಕ್ಕುತ್ತಿತ್ತು. ಶ್ರೀರಾಮಪುರದಲ್ಲಿ ಅವನೂ ಅವನ ಜೊತೆಗಾರರೂ ೧೮೦೫ರಲ್ಲಿ ಬರೆದುಕೊಂಡ ಒಪ್ಪಂದಪತ್ರದಲ್ಲಿ, ಅಮೆರಿಕದ ಕಾಡಿನಲ್ಲಿ ಪ್ರಾರ್ಥಿಸುತ್ತಿದ್ದ ಬ್ರೈನರ್ಡನನ್ನು ಆಗಾಗ ಕಣ್ಣ ಮುಂದೆ ತಂದುಕೊಳ್ಳಬೇಕೆಂಬ ಮಾತು ಸೇರಿದೆ. ಆ ಪತ್ರವನ್ನು ವರ್ಷಕ್ಕೆ ಮೂರು ಸಾರಿ ಪ್ರತಿಯೊಂದು ಠಾಣೆಯಲ್ಲಿಯೂ ಬಹಿರಂಗವಾಗಿ ಓದಬೇಕೆಂದು ಅವರು ನಿಯಮಮಾಡಿಕೊಂಡರು.

ಇಲ್ಲಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಘಟನೆಯುಂಟು. ೧೮೧೨ರ ಮಾರ್ಚ್ ೧೧ರ ಸಂಜೆ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದವೂ, ಅಚ್ಚಿನ ಮೊಳೆಗಳೂ, ವರ್ಷಗಳ ಹಸ್ತಪ್ರತಿಗಳೂ ಸುಟ್ಟುಹೋದುವು. ಕೇರಿಯು ಸಿದ್ಧಪಡಿಸುತ್ತಿದ್ದ ಬಹುಭಾಷಾ ಸಂಸ್ಕೃತ ನಿಘಂಟೂ, ತೆಲುಗು ವ್ಯಾಕರಣವೂ, ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅವುಗಳಲ್ಲಿ ಸೇರಿದ್ದುವು. ಅಕ್ಷರಗಳನ್ನು ಎರಕಹೊಯ್ಯುವ ಉಕ್ಕಿನ ಪಡಿಯಚ್ಚುಗಳು ಮಾತ್ರ ಬೂದಿಯಲ್ಲಿ ಉಳಿದಿದ್ದುವು. ಕರಗಿದ ಸೀಸವನ್ನು ಕೂಡಿಸಿ ಅವರು ಮತ್ತೆ ಮೊಳೆಗಳನ್ನು ಎರಕಹೊಯ್ದರು. ಭಾಷಾಂತರವನ್ನು ಮೊದಲಿನಿಂದ ಪ್ರಾರಂಭಿಸಿದರು. ೧೮೧೭ರಲ್ಲಿ ಕೇರಿಯ ಕನ್ನಡ ವ್ಯಾಕರಣವು ಅದೇ ಮುದ್ರಣಾಲಯದಿಂದ ಹೊರಬಂದಿತು. ಸುಟ್ಟ ಮನೆಯ ಮುಂದೆ ಕುಳಿತು ಮತ್ತೆ ಬರೆಯತೊಡಗಿದ ಈ ಮನುಷ್ಯನೇ ತನ್ನನ್ನು ಗಾಳಿಯಂತೆ ಚಂಚಲನೆಂದು ಕರೆದುಕೊಂಡವನು! ನಲವತ್ತು ವರ್ಷಗಳಿಗೆ ಮೀರಿ ಈ ದೇಶದಲ್ಲಿದ್ದು, ಒಮ್ಮೆಯೂ ಸ್ವದೇಶಕ್ಕೆ ಮರಳದೆ, ೧೮೩೪ರ ಜೂನ್ ೯ರಂದು ಅವನು ಶ್ರೀರಾಮಪುರದಲ್ಲಿಯೇ ತೀರಿಕೊಂಡನು. ತನ್ನ ಚರಿತೆಯನ್ನು ಯಾರಾದರೂ ಬರೆದರೆ, ಬಿಡದೆ ಹೆಜ್ಜೆಯಿಡುತ್ತ ಹೋದವನೆಂದು ಮಾತ್ರ ಹೇಳಲಿ, ಅದಕ್ಕಿಂತ ಹೆಚ್ಚಿನದೆಲ್ಲವೂ ಅತಿಶಯೋಕ್ತಿಯೆಂದು ಅವನು ಸೋದರನ ಮಗನಿಗೆ ಹೇಳಿದ್ದನು. ಬ್ರೈನರ್ಡನಲ್ಲಿ ಕಂಡುದನ್ನು ಅವನು ತನ್ನಲ್ಲಿಯೂ ಕಾಣಲು ಕೊನೆಗೆ ಕಲಿತನೆಂದು ತೋರುವುದು.

ಈ ಸರಪಣಿಯ ಮತ್ತೊಂದು ಕೊಂಡಿ ಹೆನ್ರಿ ಮಾರ್ಟಿನ್. ೧೮೦೧ರಲ್ಲಿ ಕೇಂಬ್ರಿಜ್ಜಿನ ಗಣಿತಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದ ಮೇಧಾವಿಯಿವನು. ಕೇರಿಯು ಭಾರತದಲ್ಲಿ ಮಾಡುತ್ತಿದ್ದ ಕೆಲಸದ ವಿಷಯವನ್ನು ತನ್ನ ಗುರುವಿನ ಬಾಯಿಂದ ಕೇಳಿ ಅವನ ಮನಸ್ಸು ಈ ಕಡೆ ತಿರುಗಿತು. ಬ್ರೈನರ್ಡನ ಚರಿತೆಯನ್ನು ಓದಿ ಅದು ನಿಶ್ಚಯವಾಯಿತು. ೧೮೦೬ರಲ್ಲಿ ಅವನು ಕಲಕತ್ತೆಗೆ ಬಂದು, ಅನಂತರ ದಾನಾಪುರ ಮತ್ತು ಕಾನ್ಪುರಗಳಲ್ಲಿದ್ದು, ಹೊಸ ಒಡಂಬಡಿಕೆಯನ್ನು ಹಿಂದೂಸ್ತಾನಿಗೂ, ಆಮೇಲೆ ಷಿರಾಜಿನಲ್ಲಿ ಪಾರಸಿಗೂ ಪರಿವರ್ತಿಸಿದನು. ಊರಿಗೆ ಮರಳುವ ದಾರಿಯಲ್ಲಿ ೧೮೧೨ರ ಅಕ್ಟೋಬರ್ ೧೬ರಂದು ಟೊಕಾಟ್ ಎಂಬಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ಮೃತನಾದನು. ಅವನ ದಿನಚರಿಗಳಿಂದ ಸಂಗ್ರಹಿಸಿದ ಚರಿತೆಯು ೧೮೧೯ರಲ್ಲಿ ಪ್ರಕಟವಾಗಿ ಮತ್ತೆ ಅನೇಕರನ್ನು ಎಬ್ಬಿಸಿತು. ಒಂದು ದೀಪದಿಂದ ಮತ್ತೊಂದು ದೀಪವನ್ನು ಹಚ್ಚಿದಂತೆ ಓದಿದವನೇ ಮುಂದಿನವನಿಗೆ ಪುಸ್ತಕವಾದನು.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷವನ್ನೂ ವಿಚಾರಿಸುವುದು ನ್ಯಾಯವು. ಚರಿತೆಯು ಬಲವನ್ನು ಕೊಡುವುದು ಬೀಳುವಿಕೆಯೂ ಅದರಲ್ಲಿ ಉಳಿದಿದ್ದರೆ ಮಾತ್ರ. ಬೀಳುವಿಕೆಯನ್ನು ಅಳಿಸಿದ ಚರಿತೆಯು ಶಿಖರವನ್ನು ತೋರಿಸಿ ದಾರಿಯನ್ನು ಮುಚ್ಚುವುದು. ಮಧ್ಯಯುಗದ ಸಂತಚರಿತೆಗಳಲ್ಲಿ ಪವಾಡಗಳು ಹೆಚ್ಚಿ ಮನುಷ್ಯನು ಮರೆಯಾದನು. ಇದನ್ನು ಅರಿತ ಜೆಸ್ವಿತ್ ವಿದ್ವಾಂಸರು ೧೬೪೩ರಿಂದ ಆಂಟ್ವರ್ಪಿನಲ್ಲಿ ಸಂತರ ಚರಿತೆಗಳನ್ನು ಮೂಲಪತ್ರಗಳೊಡನೆ ಹೋಲಿಸಿ, ಜೊಳ್ಳನ್ನು ತೂರಿ, ಸಂಪುಟಗಳಾಗಿ ಪ್ರಕಟಿಸತೊಡಗಿದರು. ಭಕ್ತರೇ ಭಕ್ತಚರಿತೆಗಳನ್ನು ಶೋಧಿಸಲು ಕುಳಿತುದು ಶ್ರದ್ಧೆಯ ಲೋಪದಿಂದಲ್ಲ, ಶ್ರದ್ಧೆಯ ಮರ್ಯಾದೆಯಿಂದ.

ಬ್ರೈನರ್ಡನ ಚರಿತೆಯೂ ಈ ಶೋಧನೆಗೆ ಹೊರತಾಗಲಿಲ್ಲ. ಅವನ ಸ್ವಹಸ್ತದ ದಿನಚರಿಯ ಒಂದು ಭಾಗವು ಯೇಲ್ ವಿಶ್ವವಿದ್ಯಾಲಯದಲ್ಲಿ ಉಳಿದಿದೆ. ೧೯೮೫ರಲ್ಲಿ ಅಲ್ಲಿಂದ ಹೊರಬಂದ ಸಂಸ್ಕರಣವು ಮೂಲವನ್ನೂ ಅಚ್ಚಾದ ಪಾಠವನ್ನೂ ಹೋಲಿಸಿ, ಎಡ್ವರ್ಡ್ಸನು ಕೆಲವೆಡೆ ಬ್ರೈನರ್ಡನ ಅತಿಯಾದ ಭಾವೋದ್ರೇಕವನ್ನೂ ವಿಷಾದವನ್ನೂ ತಗ್ಗಿಸಿರುವನೆಂಬುದನ್ನು ತೋರಿಸಿಕೊಟ್ಟಿತು. ದೋಷವನ್ನು ಪೀಠಿಕೆಯಲ್ಲಿ ಒಪ್ಪಿಕೊಂಡ ಸಂಪಾದಕನ ಲೇಖನಿಯೂ ಕೆಲವು ಕಡೆ ಮೃದುವಾಯಿತು.

ಇದಕ್ಕಿಂತ ದೊಡ್ಡ ಲೋಪವೊಂದಿದೆ. ಬ್ರೈನರ್ಡನಿಗೆ ಆ ಜನರ ಭಾಷೆಯು ಚೆನ್ನಾಗಿ ಬರುತ್ತಿರಲಿಲ್ಲ. ಅವನ ಉಪದೇಶವನ್ನು ಕೇಳುಗರಿಗೆ ಮುಟ್ಟಿಸಿದವನು ಮೋಸಸ್ ಟಾಟಮಿ ಎಂಬ ಮೂಲನಿವಾಸಿ ದುಭಾಷಿ. ೧೭೪೫ರ ಜುಲೈಯಲ್ಲಿ ಅವನೂ ದೀಕ್ಷಾಸ್ನಾನ ಹೊಂದಿದನು. ಕ್ರಾಸ್‌ವೀಕ್ಸಂಗಿನ ಜನರು ಕಿವಿಯಿಂದ ಕೇಳಿದುದು ಅವನ ಮಾತುಗಳನ್ನೇ. ಆದರೂ ಲಕ್ಷಾಂತರ ಜನರು ಓದಿದುದು ಬ್ರೈನರ್ಡನ ದಿನಚರಿಯನ್ನು. ಟಾಟಮಿಯು ಅದರೊಳಗೆ ಒಂದು ಉಪಪಾತ್ರವಾದನು. ಕೇರಿಯು ಒಂದೊಂದು ಭಾಷೆಗೂ ಪಂಡಿತರನ್ನಿಟ್ಟುಕೊಂಡು ಕೆಲಸಮಾಡಿದನು. ಮೃತ್ಯುಂಜಯ ವಿದ್ಯಾಲಂಕಾರನಂತಹ ಒಬ್ಬಿಬ್ಬರ ಹೆಸರುಗಳು ಪ್ರಸಿದ್ಧವಾದುವು. ಉಳಿದ ಪಂಡಿತರಿಗೆ ಚರಿತೆಯಿಲ್ಲ. ಡೊರೊತಿ ಕೇರಿಯ ಸಂಕಟವನ್ನು ಹಿಂದಿನ ಚರಿತ್ರಕಾರರು ಪತಿಯ ತಾಳ್ಮೆಗೆ ಒರೆಗಲ್ಲಾಗಿ ಮಾತ್ರ ಕಂಡರು. ಆಕೆಯ ಜೀವನವನ್ನೇ ವಿಷಯವಾಗಿ ಮಾಡಿಕೊಂಡ ಗ್ರಂಥವು ಹೊರಬಂದುದು ೧೯೯೨ರಲ್ಲಿ. ಶ್ರದ್ಧೆಯನ್ನು ಬೆಳೆಸುವ ಚರಿತೆಯು ಒಬ್ಬನ ಸ್ಥೈರ್ಯವನ್ನು ತೋರಿಸುವಾಗ ಆ ಸ್ಥೈರ್ಯಕ್ಕೆ ಬೆಲೆಕೊಟ್ಟವರನ್ನು ಮರೆತರೆ ಅದು ಅರ್ಧಸತ್ಯವಾಗುವುದು. ಅರ್ಧಸತ್ಯದ ಮೇಲೆ ನಿಂತ ಶ್ರದ್ಧೆಯು ಉಳಿದರ್ಧವು ಹೊರಬಿದ್ದ ದಿನ ಅಲುಗಾಡುವುದು.

ಆದುದರಿಂದ ಇಂತಹ ಚರಿತೆಗಳನ್ನು ಮನೆಯಲ್ಲಿ ಓದುವವರು, ಮಕ್ಕಳಿಂದ ಓದಿಸುವವರು ಎರಡು ವಿಷಯಗಳನ್ನು ಗಮನದಲ್ಲಿಡುವುದು ಒಳ್ಳೆಯದು. ಮೊದಲನೆಯದಾಗಿ, ಚರಿತೆಯನ್ನು ಆಯ್ದ ಪ್ರಸಂಗಗಳಾಗಿ ಓದಬಾರದು. ಆದಿಯಿಂದ ಅಂತ್ಯದವರೆಗೆ ಓದಬೇಕು. ನಾಯಕನು ಗೆದ್ದ ದಿನವನ್ನು ಮಾತ್ರ ಓದಿದ ಬಾಲಕನು ತಾನು ಸೋತ ದಿನ ಒಂಟಿಯಾಗುವನು. ಎರಡನೆಯದಾಗಿ, ಪುಸ್ತಕವು ಯಾರನ್ನು ಕುರಿತು ಮೌನವಾಗಿದೆಯೆಂಬುದನ್ನೂ ಕೇಳಬೇಕು. ಈ ಪ್ರಶ್ನೆಯಿಂದ ಭಕ್ತಿಗೆ ಕುಂದಿಲ್ಲ. ಟಾಟಮಿಯನ್ನು ಕಂಡವನಿಗೆ ಬ್ರೈನರ್ಡನು ಸಣ್ಣವನಾಗುವುದಿಲ್ಲ. ದೈವಕೃಪೆಯು ಕೆಲಸಮಾಡಿದ ಕ್ಷೇತ್ರವು ವಿಶಾಲವಾಗುತ್ತದೆ ಅಷ್ಟೆ.

ಸೂಕ್ಷ್ಮವಾದ ಅರುಂಧತಿಯನ್ನು ತೋರಿಸಬೇಕಾದವರು ಮೊದಲು ಅದರ ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಅನಂತರ ಕಣ್ಣನ್ನು ಅಲ್ಲಿಂದ ಮುಂದಕ್ಕೆ ಸರಿಸುವರು. ಪಾಲಿಕಾರ್ಪನಿಂದ ಮಾರ್ಟಿನ್ನನವರೆಗೆ ಈ ಚರಿತೆಗಳೆಲ್ಲವೂ ಅಂತಹ ಹತ್ತಿರದ ನಕ್ಷತ್ರಗಳು. ಅವುಗಳಲ್ಲಿಯೇ ನಿಂತ ಕಣ್ಣು ಅರುಂಧತಿಯನ್ನು ಕಾಣದು. ಅವುಗಳನ್ನು ನೋಡಲೊಲ್ಲದ ಕಣ್ಣೂ ಕಾಣದು. ಕೇರಿಯು ಕಾಡಿನ ಅಂಚಿನಲ್ಲಿ ಪುಸ್ತಕವನ್ನು ಮುಚ್ಚಿಟ್ಟು ಮರುದಿನದ ಕೆಲಸಕ್ಕೆ ಎದ್ದನು. ಓದು ಸಾರ್ಥಕವಾಯಿತೆಂಬುದಕ್ಕೆ ಅಷ್ಟೇ ಪ್ರಮಾಣವು ಸಾಕು.